ಎಲ್ಲ ಯಂತ್ರಕ್ಕೂ ಒಂದೇ ಕೀಲಿ

ಗುರುಪಾದ ಹೂಗಾರನ ಬಳಿ ಮೂರು ಕಂಪ್ಯೂಟರುಗಳಿದ್ದವು. ಆಫೀಸಿನಲ್ಲಿ ಲಿನಕ್ಸ್, ಮನೆಯಲ್ಲಿ ವಿಂಡೋಸ್, ಚೀಲದಲ್ಲಿ ಮ್ಯಾಕ್. ಮೂರರ ಟರ್ಮಿನಲ್, ಅಂದರೆ ಆಜ್ಞೆ ಬರೆಯುವ ಆ ಕಪ್ಪು ಕಿಟಕಿ, ಬೇರೆ ಬೇರೆ ಕೀಲಿಗಳಿಗೆ ಓಗೊಡುತ್ತಿತ್ತು. ಇದು ಅವನಿಗೆ ವೈಯಕ್ತಿಕ ಅವಮಾನದಂತೆ ಕಂಡಿತು.

ಹೆಚ್ಚು ಕಾಡಿದ್ದು ಕಂಟ್ರೋಲ್ ಮತ್ತು ಸಿ. ಬೇರೆ ಕಡೆ ಅವೆರಡನ್ನು ಒಟ್ಟಿಗೆ ಒತ್ತಿದರೆ ಆಯ್ದ ಅಕ್ಷರಗಳು ನಕಲಾಗುತ್ತವೆ. ಟರ್ಮಿನಲ್‌ನಲ್ಲಿ ಒತ್ತಿದರೆ ನಡೆಯುತ್ತಿರುವ ಕೆಲಸವೇ ನಿಂತುಹೋಗುತ್ತದೆ. ಗುರುಪಾದ ಇದನ್ನು ತನ್ನ ಮೂರು ಯಂತ್ರಗಳಲ್ಲೂ ತಿದ್ದಿದ. ಇನ್ನು ಅದು ಎಲ್ಲೆಲ್ಲೂ ನಕಲಷ್ಟೇ ಮಾಡಬೇಕು, ನಿಲ್ಲಿಸಲು ಬೇರೆ ಕೀಲಿ. ವರ್ಷ ಕಳೆಯುವಷ್ಟರಲ್ಲಿ ಅವನ ಬೆರಳುಗಳು ಅವನನ್ನು ಕೇಳುವುದನ್ನೇ ಬಿಟ್ಟವು. ಇದನ್ನು ಅವನು ಪ್ರಗತಿ ಎಂದು ಕರೆದ.

ಅದೇ ಆಫೀಸಿನಲ್ಲಿ ಜಾನಪದ ಹಾಡು ಸಂಗ್ರಹಿಸುತ್ತಿದ್ದವಳು ಫಾತಿಮಾ ನದಾಫ. ಕಲ್ಲವ್ವ ಎಂಬ ಮುದುಕಿ ಹಾಡಿದ ಬೀಸುಕಲ್ಲಿನ ಪದಗಳೆಲ್ಲ ಅವಳ ಒಂದೇ ಹಳೆಯ ಡಿಸ್ಕಿನಲ್ಲಿದ್ದವು. ಕಲ್ಲವ್ವ ತೀರಿಕೊಂಡಿದ್ದಳು. ಡಿಸ್ಕೂ ಅದೇ ದಾರಿ ಹಿಡಿದಿತ್ತು. ಇನ್ನೊಮ್ಮೆ ತಿರುಗಿದರೆ ಪುಣ್ಯ, ನಡುವೆ ನಿಂತರೆ ಆಸೆ ಬಿಡಿ ಎಂದು ರಿಪೇರಿಯವನು ಹೇಳಿದ್ದ. ಫಾತಿಮಾ ಅದನ್ನು ತನ್ನ ಲಿನಕ್ಸಿಗೆ ಜೋಡಿಸಿ, ಟರ್ಮಿನಲ್‌ನಿಂದ ಪ್ರತಿ ತೆಗೆಯಲು ಹಚ್ಚಿದಳು. ಡಿಸ್ಕು ಗರಗರ ಎನ್ನುತ್ತ ತಿರುಗಿತು.

ಗುರುಪಾದ ನೋಡಲು ಬಂದ. ಪರದೆಯ ಮೇಲೆ ಏನೋ ದೋಷದ ಸಾಲು ಮೂಡಿತು.

"ಈ ಸಾಲು ನಮ್ಮ ದೋಸ್ತಗ ಕಳಸ್ತೀನಿ ತಡಿ, ಏನಂತ ಹೇಳ್ತಾನ."

"ಫೋನಿನಾಗ ಫೋಟೊ ಹೊಡಕೊ. ಮುಟ್ಟಬ್ಯಾಡಪಾ."

"ಫೋಟೊ? ನಾ ಏನು ಜಾತ್ರಿ ನೋಡಾಕ ಬಂದೇನೇನು ಫಾತಿಮಾ? ಇದ ಕೆಲಸದಾಗ ಕೂದಲಾ ಬೆಳ್ಳಗಾಗ್ಯಾವು."

ಹೀಗೆಂದವನೇ ಸಾಲನ್ನು ಆಯ್ದು, ಕಂಟ್ರೋಲ್ ಮತ್ತು ಸಿ ಒತ್ತಿದ. ಬಹಳ ಸಲೀಸಾಗಿ ಒತ್ತಿದ.

ಪ್ರತಿ ತೆಗೆಯುವ ಕೆಲಸ ನಿಂತು ಪರದೆ ಸುಮ್ಮನಾಯಿತು. ಸ್ವಲ್ಪ ಹೊತ್ತಿಗೆ ಗರಗರವೂ ನಿಂತಿತು.

"ಏನ್ ಮಾಡಿದಿ?" ಎಂದಳು ಫಾತಿಮಾ.

"ನಕಲು," ಎಂದ ಗುರುಪಾದ. ಅವನ ಮೂರು ಯಂತ್ರಗಳ ಮಟ್ಟಿಗೆ ಅದು ಸತ್ಯವೇ ಆಗಿತ್ತು.

ಸಂಜೆಯವರೆಗೆ ತಂತಿ ಕಿತ್ತು ಜೋಡಿಸಿದರೂ ಡಿಸ್ಕು ತಿರುಗಲಿಲ್ಲ. ಪ್ರತಿಯಾಗಿ ಉಳಿದದ್ದು ಎರಡು ಹಾಡು. ಮೂರನೆಯದರಲ್ಲಿ ಕಲ್ಲವ್ವ ನೀರು ಕೇಳಿ, ಗಂಟಲು ಸರಿಮಾಡಿಕೊಂಡು, "ಹೂಂ, ಸುರು ಮಾಡಲೇನು?" ಅನ್ನುವಷ್ಟು.

ಮರುದಿನ ಗುರುಪಾದ ತಲೆ ತಗ್ಗಿಸಿಕೊಂಡು ಬಂದು, ಫಾತಿಮಾಳ ಯಂತ್ರದಲ್ಲೂ ತನ್ನ ಕೀಲಿಗಳನ್ನೇ ಕೂರಿಸಿಕೊಟ್ಟ. ಇನ್ನು ಹೀಗಾಗೂದಿಲ್ಲ ಎಂದ.

"ಆಗಾಕ ಇನ್ನೇನು ಉಳದೈತಿ?" ಎಂದಳು ಫಾತಿಮಾ.

ನೀತಿ: ನಮ್ಮ ಯಂತ್ರಗಳನ್ನು ನಮ್ಮ ಬೆರಳಿಗೆ ಒಗ್ಗಿಸಿಕೊಳ್ಳುವುದು ತಪ್ಪಲ್ಲ. ಆದರೆ ಪರರ ಯಂತ್ರಕ್ಕೆ ನಮ್ಮ ರೂಢಿ ತಿಳಿಯದು. ಮುಟ್ಟಬೇಡ ಎಂದವರ ಮಾತನ್ನು ನಮ್ಮ ಅನುಭವಕ್ಕಿಂತ ಮೊದಲು ಕೇಳಬೇಕು.