ಗುರುಮಲ್ಲ ಅಮ್ಮನ ಜಾಗ ಕಾದದ್ದು

ಗುರುಮಲ್ಲ ಅಂತ ಒಬ್ಬ ಇದ್ದ. ವಯಸ್ಸು ಇಪ್ಪತ್ತೆಂಟು. ಬುದ್ಧಿ ಇನ್ನೂ ದಾರೀಲಿ ಬರ್ತಾ ಇತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅದೇ ಅವನ ತಾಯಿ ಚಿಕ್ಕತಾಯಮ್ಮನ ಗೋಳು.

ಬಡಾವಣೆಯ ನೀರಿನ ಟ್ಯಾಂಕಿನ ಕೆಳಗೆ ಭಾನುವಾರ ಬೆಳಗ್ಗೆ ಒಂದು ಸಣ್ಣ ಸಂತೆ. ಬೆಳೆದೋರೇ ತಂದು ಮಾರೋದು. ಅಲ್ಲಿ ಚಿಕ್ಕತಾಯಮ್ಮಂದು ಒಂದು ಜಾಗ. ಗಂಡ ಇದ್ದಾಗ ಕಲ್ಲು ಕಿತ್ತು ಹಸನು ಮಾಡಿಕೊಟ್ಟ ಜಾಗ. ಅವನು ಹೋದ. ಇವಳು ಅಲ್ಲೇ ಕೂತು ಮಾರ್ತಿದ್ದಳು. ಅಲ್ಲಿ ಕೂತರೆ ಅವನ ಪಕ್ಕ ಕೂತ ಹಾಗೇ ಅನ್ನೋಳು.

ಒಂದು ಶನಿವಾರ ಅವಳ ಕಾಲು ಉಳುಕಿತು. ಸಂತೇಲಿ ಒಂದು ಕಟ್ಟುಪಾಡಿತ್ತು. ಮೂರು ಭಾನುವಾರ ವ್ಯಾಪಾರ ಆಗದಿದ್ರೆ ಜಾಗ ಬೇರೆಯೋರಿಗೆ. ಪಕ್ಕದಲ್ಲಿ ಸೌತೆಕಾಯಿ ಮಾರೋ ನಂಜುಂಡ ಆ ಜಾಗದ ಮೇಲೆ ಕಣ್ಣಿಟ್ಟಿದ್ದ. ಇನ್ನೇನು ಮಾಡ್ತಾಳೆ, ಮಗನ್ನ ಕರೆದಳು. ಗೋಣಿ ಹಾಸು, ಸೊಪ್ಪು ಜೋಡಿಸು, ಬೋಣಿಗೆ ಮೊದಲು ಬಂದೋರನ್ನ ವಾಪಸ್ ಕಳಿಸಬೇಡ, ಕೇಳಿದಷ್ಟು ಕೊಡು ಅಂದಳು.

ಮೊದಲು ಬಂದದ್ದು ಒಂದು ಹಸ. ಗುರುಮಲ್ಲ ಒಂದು ಕಟ್ಟು ಕೊಟ್ಟ. ತಿಂತು. ಮತ್ತೆ ಮೂತಿ ಚಾಚಿತು. ಇನ್ನೊಂದು ಕೊಟ್ಟ. ಬುಟ್ಟಿ ಖಾಲಿಯಾದ ಮೇಲೆ ಹಸಕ್ಕೆ ಕೈಮುಗಿದು, ಗೋಣಿ ಸುತ್ತಿಕೊಂಡು ಮನೆಗೆ ಬಂದ.

"ಒಬ್ಬರೇ ಎಲ್ಲಾ ತಗೊಂಡ್ರು ಕಣಮ್ಮ."

ದುಡ್ಡೆಲ್ಲೋ ಅಂದಳು. ಕೇಳಿದೆ, ತಲೆ ಅಲ್ಲಾಡಿಸಿದ್ರು ಅಂದ.

ವಿಷಯ ಗೊತ್ತಾಗಿ ಅವಳು ಹಣೆ ಚಚ್ಚಿಕೊಂಡಳು. "ಚೀಲ ಇದ್ದೋರಿಗೆ ಕೊಡೋದು ಕಣೋ, ಬಾಲ ಇದ್ದೋರಿಗಲ್ಲ."

ಮುಂದಿನ ಭಾನುವಾರ ಬದನೆಕಾಯಿ. ಗುರುಮಲ್ಲ ಚೀಲ ಹುಡುಕ್ತಾ ಕೂತ. ನಂಜುಂಡ ಸೌತೆಕಾಯಿ ಸುರಿದು ಖಾಲಿ ಚೀಲ ಒದರಿದ. ಚೀಲ ಕಂಡಿತು. ಬದನೆಕಾಯಿ ಅಷ್ಟೂ ಅದಕ್ಕೆ ಸುರಿದ. ನಂಜುಂಡ ಬೇಡ ಅನ್ನಲಿಲ್ಲ. ಸೌತೆಕಾಯಿ ಪಕ್ಕ ಇಟ್ಟುಕೊಂಡು ಮಾರಿದ. ತೂಗೋದಕ್ಕೆ ಗುರುಮಲ್ಲನೇ ತಕ್ಕಡಿ ಹಿಡಿದ.

ಈ ಸಲ ಚಿಕ್ಕತಾಯಮ್ಮ ಕಂಬಕ್ಕೆ ತಲೆ ಚಚ್ಚಿಕೊಂಡಳು. ಇನ್ನೊಂದೇ ಭಾನುವಾರ ಇರೋದು, ನಮ್ಮ ಗೋಣಿ ಮೇಲೆ ಯಾರೂ ಕೈ ಇಡದ ಹಾಗೆ ನೋಡ್ಕೊ ಅಂದಳು.

ಮೂರನೇ ಭಾನುವಾರ ಟೊಮೆಟೊ. ಒಬ್ಬಮ್ಮ ಆರಿಸೋಕೆ ಬಗ್ಗಿದಳು. ಗುರುಮಲ್ಲ ತಕ್ಕಡಿ ಎತ್ತಿಕೊಂಡು ಎದ್ದ. ರಿಟೈರ್ಡ್ ಮೇಷ್ಟ್ರೊಬ್ಬರು ಒಂದು ಹಣ್ಣು ಒತ್ತಿ ನೋಡಿದರು. ಅವರನ್ನ ಮೇನ್ ರೋಡಿನವರೆಗೂ ಓಡಿಸಿ ಬಂದ. ಆಮೇಲೆ ಯಾರೂ ಬರಲಿಲ್ಲ. ಮಧ್ಯಾಹ್ನ ತುಂಬಿದ ಬುಟ್ಟಿ ಹೊತ್ತು ಬಂದು, ಒಂದನ್ನೂ ಮುಟ್ಟೋಕೆ ಬಿಡಲಿಲ್ಲ ಕಣಮ್ಮ ಅಂದ.

ಅಲ್ಲಿಗೆ ಮೂರಾಯ್ತು. ಸಂತೆಯ ತಕರಾರು ತೀರಿಸೋನು ಟ್ಯಾಂಕಿನ ವಾಚ್‌ಮನ್ ರಾಚಪ್ಪ. ಬರೋ ಭಾನುವಾರ ಅಲ್ಲಿ ನಂಜುಂಡ ಕೂರ್ತಾನೆ, ಏನಾದ್ರೂ ಮಾತಿದ್ರೆ ಬಂದು ಹೇಳಿ ಅಂತ ಸುದ್ದಿ ಕಳಿಸಿದ. ಚಿಕ್ಕತಾಯಮ್ಮ ಬೈಯಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದಳು. ನಾನೇನು ಮಾಡಲಿ, ನಾನೇನು ಮಾಡಲಿ ಅಂತ ಗುರುಮಲ್ಲ ಪ್ರಾಣ ತಿಂದ.

"ಹೋಗಿ ಆ ಜಾಗಾನೇ ಬುಟ್ಟೀಲಿ ತುಂಬ್ಕೊಂಡು ಬಾ ಹೋಗು."

ಹೋದ. ಗುದ್ದಲಿ ತಗೊಂಡು ಹೋದ. ವಾರವೆಲ್ಲ ಅಗೆದ, ಹೊತ್ತ, ಹಿತ್ತಿಲಲ್ಲಿ ಸುರಿದ. ಪೈಪಿನ ಕೆಲಸ ಇರಬೇಕು ಅಂತ ರಾಚಪ್ಪನೂ ಬಡಾವಣೆಯೋರೂ ಸುಮ್ಮನಿದ್ದರು.

ಭಾನುವಾರ ಚಿಕ್ಕತಾಯಮ್ಮ ಹುರುಳಿಕಾಯಿ ಬುಟ್ಟಿ ಮಗನ ತಲೆಗೆ ಹೊರಿಸಿ, ಕೋಲೂರಿಕೊಂಡು, ರಾಚಪ್ಪನ್ನ ಕೇಳಿಕೊಳ್ಳೋಕೆ ತಾನೇ ಬಂದಳು. ನೋಡಿದರೆ ಕುತ್ತಿಗೆಮಟ್ಟದ ಗುಂಡಿ. ತಳದಲ್ಲಿ ಕೆಸರು. ಅಂಚಲ್ಲಿ ನಂಜುಂಡ ಇಸ್ತ್ರಿ ಪಂಚೆ ಉಟ್ಟು ಗೋಣಿ ಹಿಡಿದು ನಿಂತಿದ್ದ. ಜಾಗ ಎಲ್ಲಿ ಅಂತ ರಾಚಪ್ಪ ಕೇಳಿದ. ನಮ್ಮ ಹಿತ್ತಿಲಲ್ಲಿದೆ ಅಂದ ಗುರುಮಲ್ಲ.

ರಾಚಪ್ಪ ತಲೆ ಕೆರೆದುಕೊಂಡ. ಕೊನೆಗೆ, "ಗುಂಡಿಯಾದ್ರೂ ಅದೇ ಜಾಗ. ಯಾರು ಮೊದಲು ಇಳಿದು ವ್ಯಾಪಾರ ಮಾಡ್ತಾರೋ ಅವರದು" ಅಂದ.

ನಂಜುಂಡ ಗುಂಡಿ ನೋಡಿದ. ಪಂಚೆ ನೋಡಿದ. ಅಷ್ಟರಲ್ಲಿ ಚಿಕ್ಕತಾಯಮ್ಮ ಕೋಲು ಬಿಸಾಕಿ ಇಳಿದೇಬಿಟ್ಟಳು.

ನೆಲದ ಮೇಲೆ ಒಂದು ತಲೆ, ಒಂದು ಬುಟ್ಟಿ. ತಲೆ ಹುರುಳಿಕಾಯಿ ಹುರುಳಿಕಾಯಿ ಅಂತ ಕೂಗ್ತಿತ್ತು. ನೋಡೋಕೆ ಬಂದೋರು ಸುಮ್ಮನೆ ಹೋಗೋಕೆ ನಾಚಿಕೊಂಡು ಅರ್ಧರ್ಧ ಕೇಜಿ ತಗೊಂಡರು. ಬುಟ್ಟಿ ಖಾಲಿಯಾಯ್ತು. ಜಾಗ ನಿಂದೇ ಕಣವ್ವ ಅಂದ ರಾಚಪ್ಪ. ಚಿಕ್ಕತಾಯಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡಳು. ಮಗನ್ನ ಕರೆದು, ಅಪರೂಪಕ್ಕೆ ಮೆತ್ತಗೆ, "ಹೋಗಪ್ಪ, ಆ ಮಣ್ಣು ತಂದು ಗುಂಡಿ ಮುಚ್ಚಿಬಿಡು" ಅಂದಳು.

ಗುರುಮಲ್ಲ ತಳ್ಳೋ ಗಾಡೀಲಿ ತಂದ. ಸುರಿದ.

"ಲೋ, ನಾನಿನ್ನೂ ಒಳಗಿದೀನಲ್ಲೋ!"

"ಇರಮ್ಮ, ನಿಂದೇ ಜಾಗ ಅಲ್ವಾ."

ಮಣ್ಣು ಸೊಂಟಕ್ಕೆ ಬಂತು. ನಂಜುಂಡ ಓಡಿಬಂದ. ರಾಚಪ್ಪ ಒಂದು ರಟ್ಟೆ, ಅವನೊಂದು ರಟ್ಟೆ ಹಿಡಿದು ಮೂಲಂಗಿ ಕಿತ್ತ ಹಾಗೆ ಎಳೆಯೋಕೆ ಶುರು ಮಾಡಿದರು. ಗುರುಮಲ್ಲ ನೋಡಿದ.

"ಅಮ್ಮ, ನಂಜುಂಡ ನಿನ್ನ ಜಾಗದಿಂದ ಎಬ್ಬಿಸ್ತಾ ಇದಾನೆ, ಗಟ್ಟಿಯಾಗಿ ನಿಂತ್ಕೊ" ಅಂದವನೇ, ಉಳಿದ ಮಣ್ಣನ್ನೂ ಬೇಗ ಬೇಗ ಸುರಿದ.