ಗೋಧಿ ತೆನೆಗೆ ಮೀಸೆ ಬಂದ ಕತೆ

ಮೈತುಂಬ ಬಾಯಿ, ಒಂದಕ್ಕೂ ಹಲ್ಲಿಲ್ಲ. ಉಣ್ಣೋಕೆ ಬಾಯಿ ತೆರೆದರೆ ಕುಡಿದ ನೀರೆಲ್ಲ ಹೊರಗೆ. ಯಾರು ಹೇಳಿ? ಹಸುವಲ್ಲ, ಮೀನಲ್ಲ, ನಿಮ್ಮ ಸೋದರಮಾವನೂ ಅಲ್ಲ. ಸೋತಿರಿ ತಾನೇ? ಎಲೆ!

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಕಪ್ಪು ಮಣ್ಣಿನೊಳಗೆ ಬೇರವ್ವ ಅಂತ ಗೋಧಿಯ ಬೇರು ಇದ್ದಳು. ಕತ್ತಲಲ್ಲಿ ತಡಕಾಡಿ, ಕಲ್ಲಿಗೆ ತಲೆ ಚಚ್ಚಿಕೊಂಡು ನೀರು ಹುಡುಕುವಳು. ಅದರಲ್ಲಿ ಮಣ್ಣಿನ ಸತ್ವ ಕಲಸಿ ಮೇಲಕ್ಕೆ ಕಳಿಸುವಳು. ಮೇಲೆ ಅವಳ ತಮ್ಮ ಎಲೆಪ್ಪ, ಗಾಳಿ ಉಣ್ಣೋಕೆ ಅಂತ ಬಾಯಿ ತೆರೆದೇ ಕೂತಿರುತ್ತಿದ್ದ. ನೀರೆಲ್ಲ ಆವಿ!

“ಏನೋ ಎಲೆಪ್ಪ, ಬಾಯಿ ಮುಚ್ಚಿಕೊಂಡು ಉಣ್ಣೋಕೆ ಬರಲ್ವಾ? ಮಣ್ಣು ಒಣಗ್ತಿದೆ. ತೆನೆಯಲ್ಲಿರೋ ಮಕ್ಕಳು ಇನ್ನೂ ಹಾಲುಗಾಳು!”

“ಏನು ಮಾಡ್ಲಿ ಅಕ್ಕಾ? ನಾನು ಉಣ್ಣೋದು ಇಂಗಾಲದ ಗಾಳಿ. ಅದು ಸಿಗೋದೇ ಚಿಟಿಕೆಯಷ್ಟು. ಬಾಯಿ ಮುಚ್ಚಿದರೆ ಉಪವಾಸ.”

ಇದನ್ನು ಕೇಳಿಸಿಕೊಂಡ ಗಾಳಿರಾಯ ಉರಿಯುವ ಬೆಟ್ಟಗಳಿಂದ ಮಡಿಲು ತುಂಬ ಹೊಗೆ ತಂದು ಸುರಿದ. ಹೊಗೆಯ ತುಂಬ ಇಂಗಾಲದ ಗಾಳಿ.

ಎಲೆಪ್ಪ ಬಾಯಿ ಅರ್ಧ ಮುಚ್ಚಿದ. ಹೊಟ್ಟೆ ತುಂಬಿತು, ನೀರೂ ಉಳಿಯಿತು. ಗೋಧಿ ಪೈರು ದಪ್ಪಗೆ, ಎತ್ತರಕ್ಕೆ ಬೆಳೆಯಿತು. ಪಕ್ಕದ ಜೋಳ ಮಾತ್ರ, “ನನಗೆ ಮೊದಲಿನ ಊಟವೇ ಸಾಕಿತ್ತಪ್ಪಾ” ಅಂದು, ತಾನೂ ಬಾಯಿ ಅರ್ಧ ಮುಚ್ಚಿ, ನೀರಷ್ಟೇ ಉಳಿಸಿಕೊಂಡು ಎಂದಿನಷ್ಟೇ ಬೆಳೆಯಿತು.

ಅಬ್ಬಾ, ಮಕ್ಕಳು ಬದುಕಿದವು ಅಂತ ಬೇರವ್ವ ಹಿಗ್ಗಿದಳು.

ಸುಗ್ಗಿಗೆ ಗುಬ್ಬಕ್ಕ ಬಂದಳು. ಕಾಳು ಕಚ್ಚಿ ಉಗಿದಳು.

“ಥೂ! ಬರೀ ಹಿಟ್ಟು! ಸತ್ವ ಎಲ್ಲಿ? ಇದನ್ನ ತಿಂದು ನನ್ನ ಮರಿಗೆ ರೆಕ್ಕೆ ಬಲಿತೀತಾ? ಇವು ಮೊಳೆತರೂ ಬಡಕಲೇ!”

ತನ್ನ ಮಕ್ಕಳನ್ನೇ ಉಗಿದರೆ? ಬೇರವ್ವನ ಮೈ ಉರಿದುಹೋಯಿತು.

“ಎಲೆಪ್ಪಾ! ನೀನು ಬಾಯಿ ತೆರೆದರೆ ತಾನೇ ನೀರು ಮೇಲಕ್ಕೆ ಜಗ್ಗೋದು? ನೀರು ಹತ್ತಿದರೆ ತಾನೇ ಸತ್ವ ಹತ್ತೋದು? ನಾನಿಲ್ಲಿ ಕಲಸಿಟ್ಟುಕೊಂಡು ಕಾಯ್ತಿದ್ರೆ, ನೀನಲ್ಲಿ ಹೊಗೆ ತಿಂದು ತೇಗ್ತೀಯಾ?”

“ನೀನೇ ಮುಚ್ಚು ಅಂದೆಯಲ್ಲಕ್ಕಾ!”

ನಿಜವೇ. ಅದಕ್ಕೇ ಸಿಟ್ಟು ಇನ್ನೂ ಹೆಚ್ಚಾಯಿತು. ತಮ್ಮನನ್ನು ಹೊಡೆಯೋಣವೆಂದರೆ ಬೇರವ್ವನಿಗೆ ಕೈಯಿಲ್ಲ. ಸಿಟ್ಟು ಕಾಂಡ ಹತ್ತಿತು, ತೆನೆ ಹತ್ತಿತು, ಕಾಳುಕಾಳಿಗೂ ಒಂದೊಂದು ಮುಳ್ಳುಮೀಸೆಯಾಗಿ ಸೆಟೆದು ನಿಂತಿತು. ಗುಬ್ಬಕ್ಕ ಎದ್ದೆನೋ ಬಿದ್ದೆನೋ ಅಂತ ಹಾರಿದಳು.

ಇವತ್ತಿಗೂ ಗಾಳಿಯಲ್ಲಿ ಹೊಗೆ ಹೆಚ್ಚಿದರೆ ಎಲೆ ಬಾಯಿ ಅರ್ಧ ಮುಚ್ಚುತ್ತದೆ. ನೀರು ಉಳಿಯುತ್ತದೆ, ಪೈರು ಕೊಬ್ಬುತ್ತದೆ, ಕಾಳಿನ ಸತ್ವ ತಗ್ಗುತ್ತದೆ. ನಂಬದಿದ್ದರೆ ಗೋಧಿ ತೆನೆ ಮುಟ್ಟಿ ನೋಡಿ. ಬೇರವ್ವನ ಸಿಟ್ಟು ಚುಚ್ಚುತ್ತದೆ.

ಆಯ್ತಪ್ಪಾ, ಎಲೆಯ ಬಾಯಿ, ಕಾಳಿನ ಸತ್ವದ ಮಾತು ನಿಜ; ಮೀಸೆಯ ಮಾತು ನಾನೇ ಕಟ್ಟಿದ್ದು. ಅಷ್ಟು ಮೋಸವಾದ ಮೇಲೂ ಬೇರವ್ವ ಸುಮ್ಮನಾದಳು ಅಂತ ಮುಗಿಸೋಕೆ ನನಗೆ ಮನಸ್ಸು ಬರಲಿಲ್ಲ.