ಶೇಕ್ದಾರರ ಬಿಸಿ ಬ್ರಾಂದಿ

ಕಂದಾಯ ವಸೂಲಿಯ ಶೇಕ್ದಾರ್ ಭುಜಂಗರಾಯರಿಗೆ ನೆಗಡಿಯಾಗಿತ್ತು. ತಾವು ತಂಗಿದ್ದ ಮುಸಾಫಿರಖಾನೆಯ ಅಡುಗೆಯ ಚೆಲುವಕ್ಕನ ಮುಂದೆ ಬ್ರಾಂದಿ ಸೀಸೆ ಕುಕ್ಕಿದರು.

"ಪೂರ್ತಿ ಕುದಿಸು. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ!"

ಚೆಲುವಕ್ಕ ಒಲೆಯತ್ತ ನೋಡಿದಳು. ಕಾದ ಬ್ರಾಂದಿಯ ಆವಿ ಬೆಂಕಿಗೆ ಸಿಕ್ಕರೆ ಹೊತ್ತಿಕೊಳ್ಳುತ್ತದೆ. ಮೇಲೆ ಹುಲ್ಲಿನ ಮಾಡು, ಒಳಗೆ ತೊಟ್ಟಿಲಲ್ಲಿ ಮೊಮ್ಮಗಳು.

"ಆಗಲಿ ಬುದ್ಧಿ. ಮೊದಲು ಅಂಗಳದಲ್ಲಿ ಒಂದು ಸೌಟು ಕಾಯಿಸ್ತೀನಿ. ಹದ ನೀವೇ ನೋಡಿ ಹೇಳಿ."

ರಾಯರು ಗತ್ತಿನಿಂದ ಬಂದು ನಿಂತರು. ಕೆಂಡದ ಮೇಲೆ ಸೌಟು ಘಮ್ಮೆಂದಾಗ ಚೆಲುವಕ್ಕ ಅದರ ಆವಿಗೆ ಉರಿಯುವ ಕಡ್ಡಿ ಹಿಡಿದಳು. ಭುಗ್ಗೆಂದು ನೀಲಿ ಉರಿ ಎದ್ದಿತು. ರಾಯರು ಪೇಟ ಬಿಟ್ಟು ಬೇಲಿಯಾಚೆ ಹಾರಿದರು.

"ಇದು ಬರೀ ಸೌಟು, ಬುದ್ಧಿ. ಸೀಸೆ ಪೂರ್ತಿ ಒಲೆಗೆ ಇಡ್ಲಾ? ನೀವು ಪಕ್ಕದಲ್ಲೇ ಕೂತಿರಿ."

"ಬೇಡಮ್ಮಾ! ನೆಗಡಿ ವಾಸಿಯಾಯ್ತು!" ಎಂದು ಕೂಗಿದ ರಾಯರು ಬೇಲಿಯಾಚೆಯೇ ಜೋರಾಗಿ ಸೀನಿದರು.